ಉಪವಾಸದ ತಟ್ಟೆಯ ಸುತ್ತು

ರಾಘಣ್ಣ ಪಾತೇಲಿಯ ಕಂಠಕ್ಕೆ ಹಳೇ ಪೇಪರು ಸುತ್ತಿ ಹಿಡಿದಿದ್ದ. ನೀತಾಳ ಕಣ್ಣಿಗೆ ಮೊದಲು ಬಿದ್ದದ್ದು ಆ ಪೇಪರು, ಆಮೇಲೆ ಪಾತೇಲಿ, ಕಟ್ಟಕಡೆಗೆ ಕಾಲುವೆಯ ನೀರಿಗೆ ಉಂಡೆಯುಂಡೆಯಾಗಿ ಬೀಳುತ್ತಿದ್ದ ಅವ್ವನ ಸಾಬೂದಾಣಿ ಖಿಚಡಿ. ಸುಡುವ ಪಾತ್ರೆಯನ್ನು ಪೇಪರಿನಲ್ಲಿ ಹಿಡಿಯುತ್ತಾರೆ, ಸರಿ. ನಸುಕಿನಲ್ಲಿ ಮಾಡಿದ ಖಿಚಡಿ ಮಧ್ಯಾಹ್ನ ಇಳಿದ ಮೇಲೂ ಸುಡುತ್ತದೆಯೇ?

ಅವತ್ತು ಏಕಾದಶಿ. ಜ್ಞಾನೇಶ್ವರರ ಪಾಲಖಿ ಪುಣೆ ಬಿಟ್ಟು ದಿವೆ ಘಾಟ್ ಏರಿ ಸಾಸವಡ ಸೇರುವ ದಿನ. ಹಡಪಸರದ ರಸ್ತೆ ಬದಿಗೆ ಮಂಟಪ ಹಾಕಿ, ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳಿಗೆ ಉಪವಾಸದ ತಿನಿಸು ಹಂಚುವುದು ಆ ಭಾಗದ ಕನ್ನಡ ಬಳಗದ ರೂಢಿ. ಮನೆಗೊಂದು ಪದಾರ್ಥ. ನೀತಾಳ ಅವ್ವ ಗಂಗೂಬಾಯಿ ಆ ವರ್ಷ ತಾನಾಗಿ ಕೇಳಿ ಖಿಚಡಿ ಒಪ್ಪಿಕೊಂಡಿದ್ದಳು. ಹಿಂದಿನ ರಾತ್ರಿ ಸಾಬೂದಾಣಿ ನೆನೆಹಾಕಿ, ಶೇಂಗಾ ಹುರಿದು ಸಿಪ್ಪೆ ಊದಿ, ಪಾತೇಲಿ ತುಂಬ ಮಾಡಿ ಕಳಿಸಿದ್ದಳು. ರಾಘಣ್ಣ ಬಳಗದ ಅಧ್ಯಕ್ಷ. ಪಾತೇಲಿಯನ್ನು ಮೇಜಿನ ಕೆಳಗೆ ಇಡಿಸಿ, ಇದನ್ನು ಕೊನೆಗೆ ಹಂಚೋಣ ಅಂದಿದ್ದ. ಎಲ್ಲರ ಪಾತ್ರೆಗಳೂ ಬರಿದಾದವು. ಬಿಸಿಲಲ್ಲಿ ಬಂದ ಮುದುಕಿಯೊಬ್ಬಳು ಕೈಯೊಡ್ಡಿದರೆ, ಮುಗೀತು ಮಾವಶಿ ಅಂತ ಮರಾಠಿಯಲ್ಲಿ ಕೈಮುಗಿದು ಕಳಿಸಿದ. ಪಾಲಖಿ ದಾಟಿದ ಮೇಲೆ ಪಾತ್ರೆ ತರಲು ಹೋದ ನೀತಾ, ಮಂಟಪದ ಹಿಂದೆ ಕಂಡದ್ದು ಇದು.

"ಹುಳಿ ಬಂದಿತ್ತವ್ವಾ," ಅಂದ ರಾಘಣ್ಣ, ನಗುತ್ತಲೇ. "ಮಂದಿಗೆ ಹೊಟ್ಟಿ ಕೆಟ್ಟರ ನಮ್ಮ ಹೆಸರ ಕೆಡತದ."

ನೀತಾ ಪಾತೇಲಿಯ ತಳಕ್ಕೆ ಅಂಟಿದ್ದನ್ನು ಬೆರಳಲ್ಲಿ ತೆಗೆದು, ಅವನ ಎದುರೇ ಬಾಯಿಗೆ ಹಾಕಿಕೊಂಡಳು. ಹುಳಿ ಇರಲಿಲ್ಲ. ಅವನೂ ಅವಳ ಬಾಯಿ ನೋಡಿದ, ನೋಡಿ ಪೇಪರನ್ನು ಮುದ್ದೆ ಮಾಡಿ ಕಾಲುವೆಗೆ ಎಸೆದ.

ಯಾಕೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅಥಣಿ ಕಡೆಯ ಒಂದು ಊರಿನ ಹೊಲಗೇರಿಯಲ್ಲಿ ಹುಟ್ಟಿದವಳು ಗಂಗೂಬಾಯಿ. ಅದನ್ನವಳು ಮುಚ್ಚಿಟ್ಟವಳೂ ಅಲ್ಲ, ಹೇಳಿಕೊಂಡು ತಿರುಗಿದವಳೂ ಅಲ್ಲ. ಚೈತ್ರದಲ್ಲಿ ಬಳಗಕ್ಕೆ ಸೇರಿಸಿಕೊಳ್ಳಲೆಂದು ರಾಘಣ್ಣ ಮನೆಗೆ ಬಂದಿದ್ದ. ಹೊಸ್ತಿಲು ದಾಟುವವರೆಗೆ ಭಾಳ ಮಾತು. ಗೋಡೆಯ ಮೇಲೆ ಕೋಟು ತೊಟ್ಟ ಬಾಬಾಸಾಹೇಬರ ಫೋಟೊ ಕಂಡದ್ದೇ ಮಾತು ಸಣ್ಣದಾಯಿತು. ಅವ್ವ ತಂದಿಟ್ಟ ನೀರನ್ನು ಮುಟ್ಟಲಿಲ್ಲ. ಇವತ್ತ ಉಪವಾಸ ಅದ ಅಂದ. ಯಾವ ಉಪವಾಸದಲ್ಲಿ ನೀರೂ ಕುಡಿಯಬಾರದೋ, ಅದೂ ಒಂದು ಬುಧವಾರ, ಅವನಿಗೇ ಗೊತ್ತು.

ಮನೆಗೆ ಬಂದ ಪಾತೇಲಿಯನ್ನು ಗಂಗೂಬಾಯಿ ಬೆಳಕಿಗೆ ಹಿಡಿದು ನೋಡಿದಳು. ನೀತಾ ದಾರಿಯುದ್ದಕ್ಕೂ ಸುಳ್ಳೊಂದನ್ನು ಜೋಡಿಸಿಕೊಂಡು ಬಂದಿದ್ದಳು: ಎಲ್ಲರೂ ಉಂಡರು, ಇನ್ನಷ್ಟು ಕೇಳಿದರು. ಹೇಳುವ ಮೊದಲೇ ಅವ್ವ, "ಹಂಚೂ ಸೌಟ ಆಡಿಲ್ಲ ಇದರಾಗ," ಅಂದಳು. ಅಷ್ಟೇ ಅಂದು, ತಿಕ್ಕಲು ಕೂತಳು. ಆಮೇಲೆ ಬೇಡ ಬಿಡು, ಇದೇನು ಹೊಸದಲ್ಲ ಅಂತ ಗೋಡೆಗೆ ಹೇಳಿದ ಹಾಗೆ ಹೇಳಿದಳು. ನೀತಾ ಬಿಡುವವಳಲ್ಲ. ಅವಳಿಗೆ ಕ್ಷಮೆ ಬೇಕಿರಲಿಲ್ಲ. ಖಿಚಡಿ ಚೆಲ್ಲಿದ ಕಾರಣವನ್ನು ಆ ಮನುಷ್ಯ ತನ್ನ ಬಾಯಿಂದ, ನಾಲ್ಕು ಮಂದಿಯ ಎದುರು ಹೇಳಬೇಕು.

ರಾಘಣ್ಣನ ಬಾಯಿ ತೆರೆಸುವುದಕ್ಕೆ ಒಂದೇ ಒಂದು ಕೀಲಿಯಿತ್ತು, ಪ್ರಶ್ನೆ. ಜಗತ್ತಿನ ಚಿಲ್ಲರೆ ಸಂಗತಿಗಳನ್ನೆಲ್ಲ ಕೂಡಿಟ್ಟುಕೊಂಡ ಮನುಷ್ಯ ಅವನು. ದಿನಾ ಬೆಳಗ್ಗೆ ಬಳಗದ ವಾಟ್ಸ್ಯಾಪ್ ಗುಂಪಿಗೆ ಒಂದು 'ನಿಮಗೆ ಗೊತ್ತೇನು?' ಬರಲೇಬೇಕು. ಆಕ್ಟೋಪಸ್‌ಗೆ ಮೂರು ಹೃದಯ. ಶುಕ್ರಗ್ರಹದಲ್ಲಿ ವರ್ಷಕ್ಕಿಂತ ದಿನವೇ ಉದ್ದ. ಪಾಲಖಿಯ ದಿನ ಬೆಳಗ್ಗೆ ಕಳಿಸಿದ್ದು, ಕಾಗೆಗಳು ತಮಗೆ ಕೇಡು ಮಾಡಿದವನ ಮುಖವನ್ನು ವರ್ಷಗಟ್ಟಲೆ ಮರೆಯುವುದಿಲ್ಲ, ತಮ್ಮ ಬಳಗಕ್ಕೂ ತೋರಿಸಿಕೊಡುತ್ತವೆ ಅಂತ. ನೀತಾ ಅದಕ್ಕೆ ಹೆಬ್ಬೆರಳೆತ್ತಿದ್ದಳು.

ಬಳಗದ ವಾರ್ಷಿಕ ಪ್ರಶ್ನೋತ್ತರ ಮುಂದಿನ ಭಾನುವಾರವೇ ಇತ್ತು. ವಿಮಾ ಕಂಪನಿಯ ಆಫೀಸು ಮುಗಿಸಿ ಓದುಗರ ಕೂಟಗಳಿಗೆ ಅಲೆಯುವ ನೀತಾಳಿಗೆ ಪ್ರಶ್ನೆ ಕೇಳುವ ಕೆಲಸವನ್ನು ಬಳಗಕ್ಕೆ ಸೇರಿದ ಹೊಸದರಲ್ಲೇ ವಹಿಸಿದ್ದರು. ಖಿಚಡಿ ಚೆಲ್ಲಿದ ಮೇಲೆ ಅವಳು ಬಿಟ್ಟುಕೊಡುತ್ತಾಳೆಂದು ರಾಘಣ್ಣ ಎಣಿಸಿದ್ದನೋ ಏನೋ. ಅವಳು ಎಲ್ಲರಿಗಿಂತ ಮೊದಲು ಬಂದು ಮೈಕು ಪರೀಕ್ಷಿಸುತ್ತಿದ್ದಳು. ಅವ್ವನನ್ನೂ ಎಳೆದುಕೊಂಡು ಬಂದಿದ್ದಳು. ಗಂಗೂಬಾಯಿ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು.

ಸಭೆ ತುಂಬಿತು. ಧಾರವಾಡ, ಬೆಳಗಾವಿಯ ಹಳೇ ಕುಟುಂಬಗಳು ಮುಂದೆ. ಬೆಂಗಳೂರು, ಮೈಸೂರಿನಿಂದ ಐಟಿ ಕೆಲಸಕ್ಕೆ ಬಂದ ಹುಡುಗರು ಗೋಡೆಗುಂಟ. ವೇದಿಕೆಯ ಮೇಲೆ ರಾಘಣ್ಣನ ತಂಡದ ಎದುರು ಐಟಿಯ ಶಮಂತ್ ಮತ್ತು ಅಭಿಲಾಷಳ ತಂಡ. ಮೊದಲ ಸುತ್ತಿನಲ್ಲಿ, ಘನಾಕಾರದ ಹಿಕ್ಕೆ ಹಾಕುವ ಪ್ರಾಣಿ ಯಾವುದು ಅಂತ ಕೇಳಿದರೆ ಶಮಂತ್ ತಲೆ ಕೆರೆದು, "ಪಾಸ್ ಮೇಡಂ," ಅಂದ. ರಾಘಣ್ಣ, ವಾಂಬ್ಯಾಟ್ ಅಂತ ಹೇಳಿ ಗೆದ್ದ. ಗೆದ್ದು ಸುಮ್ಮನಿರಲಿಲ್ಲ. ಪಾಸ್ ಮಾಡಿದವರು ಸರಿಯುತ್ತರವನ್ನು ಮೈಕಿನಲ್ಲಿ ತಾವೂ ಹೇಳಬೇಕು, ಬಾಯಿಂದ ಬಂದದ್ದು ತಲೆಯಲ್ಲಿ ನಿಲ್ಲುತ್ತದೆ, ಇದು ತಾನೇ ಮಾಡಿದ ನಿಯಮ ಅಂತ ಸಭೆಗೆ ನೆನಪಿಸಿದ. ಶಮಂತ್ ನಗುತ್ತ ಹೇಳಿದ. ನೀತಾಳೂ ನಕ್ಕಳು. ಅವಳ ನಗೆಯ ಕಾರಣ ಬೇರೆ.

ಕೊನೆಯ ಸುತ್ತಿಗೆ ಅವಳು 'ಉಪವಾಸದ ತಟ್ಟೆ' ಅಂತ ಹೆಸರಿಟ್ಟಿದ್ದಳು. ಮುಂದಿನ ಸಾಲಿನ ಹೆಂಗಸರು ಭೇಷ್ ಅಂದರು.

ಶೇಂಗಾದ ತವರು ಯಾವುದು? ದಕ್ಷಿಣ ಅಮೆರಿಕ ಅಂದ ರಾಘಣ್ಣ, ಪ್ರಶ್ನೆ ಮುಗಿಯುವ ಮುಂಚೆಯೇ. ಬಟಾಟಿ? ಪೆರು ದೇಶದ ಕಡೆಯ ಆಂಡೀಸ್ ಬೆಟ್ಟಗಳು. ಹಸಿಮೆಣಸಿನಕಾಯಿ ನಮ್ಮಲ್ಲಿಗೆ ಬಂದದ್ದು ಹೇಗೆ? ಪೋರ್ಚುಗೀಸರ ಹಡಗಿನಲ್ಲಿ, ಅದಕ್ಕೂ ಮೊದಲು ನಮ್ಮವರಿಗೆ ಖಾರವೆಂದರೆ ಕರಿಮೆಣಸು. ಸಾಬೂದಾಣಿ? ಮರಗೆಣಸಿನ ಹಿಟ್ಟು, ಆ ಗೆಣಸೂ ಬ್ರೆಜಿಲ್ ಕಡೆಯದು, ಈಗ ಕಾಳು ಕಟ್ಟುವ ಕಾರ್ಖಾನೆಗಳು ಹೆಚ್ಚಾಗಿ ಸೇಲಂ ಕಡೆ. ಚಪ್ಪಾಳೆ ಬೀಳುತ್ತಿತ್ತು. ರಾಘಣ್ಣನ ಕುತ್ತಿಗೆ ಪ್ರತಿ ಉತ್ತರಕ್ಕೂ ಒಂದು ಗೇಣು ಉದ್ದವಾಗುತ್ತಿತ್ತು. ಉದ್ದವಾಗಲಿ ಅಂತಲೇ ನೀತಾ ಕಾಯುತ್ತಿದ್ದಳು. ಅವಳ ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು.

ಜ್ಞಾನೇಶ್ವರರು ಇವುಗಳಲ್ಲಿ ಯಾವುದರ ರುಚಿ ನೋಡಿದ್ದರು ಅಂತ ಕೇಳಿದಳು. ರಾಘಣ್ಣ ಗಹಗಹಿಸಿದ. ಒಂದರದೂ ಇಲ್ಲ, ಅವರು ಹದಿಮೂರನೇ ಶತಮಾನದವರು, ಇವೆಲ್ಲ ಇಲ್ಲಿಗೆ ಬಂದದ್ದು ಆಮೇಲೆ ಅಂದ. ಸಭೆ ಅರೆಗಳಿಗೆ ತಬ್ಬಿಬ್ಬಾಯಿತು. ತಲೆಮಾರುಗಳಿಂದ ಶುದ್ಧವೆಂದು ಉಂಡ ತಟ್ಟೆಯಲ್ಲಿ ಮನೆಯದೆಂಬುದು ಬರೀ ಉಪ್ಪು, ತುಪ್ಪ. ಆಮೇಲೆ ಎಲ್ಲರೂ ನಕ್ಕರು.

"ಹಡಗಿನಾಗ ಬರೂಮುಂದ ಇವನ್ನ ಯಾರ್ಯಾರು ಮುಟ್ಟಿರಬೇಕ್ರಿ?" ಅಂದಳು ನೀತಾ.

"ಯಾರ ಮುಟ್ಟಿಲ್ಲಂತ ಕೇಳವ್ವಾ," ಅಂದ ರಾಘಣ್ಣ. ಗೆಲುವಿನ ಅಮಲು ನೆತ್ತಿಗೇರಿತ್ತು. "ಗುಲಾಮರು ಅಗದಾರ, ಖಲಾಸಿಗಳು ಹೊತ್ತಾರ. ಎಲ್ಲೀ ಮಡಿ, ಎಲ್ಲೀ ಮೈಲಿಗಿ."

ನೀತಾ ತಕ್ಷಣ ಮುಂದೆ ಹೋಗಲಿಲ್ಲ. ಆ ಮಾತು ಹಿಂದಿನ ಸಾಲಿನವರೆಗೂ ಮುಟ್ಟಲಿ ಅಂತ ಬಿಟ್ಟಳು. ಮುಟ್ಟಿತು. ಆಮೇಲೆ ಕೊನೆಯ ಪ್ರಶ್ನೆ. ಧ್ವನಿಯಲ್ಲಿದ್ದ ಜೇನನ್ನು ಒರೆಸಿ ಹಾಕಿದಳು.

"ಮೊನ್ನೆ ಏಕಾದಶಿ ದಿವಸ ನಮ್ಮ ಮಂಟಪದಾಗ ಒಂದು ಪಾತೇಲಿ ಖಿಚಡಿ ಹಂಚಲಿಲ್ಲ, ಕಾಲುವಿಗೆ ಸುರದರು. ಸುರದವರು ಪಾತೇಲಿನ ಪೇಪರಿನಾಗ ಹಿಡದಿದ್ದರು. ಯಾಕ? ಹುಳಿ ಬಂದಿತ್ತೋ, ಉಪ್ಪ ಹೆಚ್ಚಾಗಿತ್ತೋ, ಉಣ್ಣವರು ಬರಲಿಲ್ಲೋ, ಮಾಡಿದಾಕಿ ಯಾರಂತ ಗೊತ್ತಾಗಿತ್ತೋ? ಹೇಳ್ರಿ ರಾಘಣ್ಣಾರ."

ರಾಘಣ್ಣ ತನ್ನ ತಂಡದವರತ್ತ ತಿರುಗಿದ. ಅವರು ಮೇಜು ನೋಡುತ್ತಿದ್ದರು. ಮಂಟಪದಲ್ಲಿ ಅವರೂ ಇದ್ದರು, ಮೇಜಿನ ಕೆಳಗಿನ ಪಾತೇಲಿಯನ್ನು ಕಂಡೂ ಇದ್ದರು. ಇದು ಪ್ರಶ್ನೆಯಲ್ಲ, ಅಪಮಾನ ಅಂತ ಮುಂದಿನ ಸಾಲಿನ ಒಬ್ಬರು ಎದ್ದರು. ಹೌದು, ಅಪಮಾನದ್ದೇ ಪ್ರಶ್ನೆ, ಕೂಡ್ರಿ ಅಂದಳು ನೀತಾ. ಅವರು ಕೂತರು.

"ಪಾಸ್," ಅಂದ ರಾಘಣ್ಣ.

ಪ್ರಶ್ನೆ ಎದುರು ತಂಡಕ್ಕೆ ಹೋಯಿತು. ಶಮಂತ್ ಅಭಿಲಾಷಳ ಮುಖ ನೋಡಿದ. ನಮಗೆ ಗೊತ್ತಿಲ್ಲ ಮೇಡಂ, ನಾವು ಅಲ್ಲಿ ಇರಲಿಲ್ಲ ಅಂದಳು ಅಭಿಲಾಷ, ನಿಜವಾಗಿಯೂ ಬೆಚ್ಚಿ. ಅಲ್ಲಿಂದ ಪ್ರಶ್ನೆ ಸಭಿಕರಿಗೆ. ಯಾರ ಕೈಯೂ ಏಳಲಿಲ್ಲ. ಆಮೇಲೆ ಬಾಗಿಲ ಪಕ್ಕದಲ್ಲಿ ಬಳೆ ಸದ್ದಾಯಿತು.

ಗಂಗೂಬಾಯಿ ಎದ್ದು ನಿಂತಿದ್ದಳು. ಬೇಡ ಬಿಡು ಅಂದಿದ್ದ ಅವ್ವ.

"ಮಾಡಿದಾಕಿ ನಾನು," ಅಂದಳು ಗಂಗೂಬಾಯಿ. "ಹೊಲೇರಾಕಿ ಮಾಡಿದ್ದಂತ ಸುರದರು."

"ಉತ್ತರ ಸರಿ ಅದ," ಅಂದಳು ನೀತಾ. "ಈಗ ಪಾಸ್ ಮಾಡಿದವರು ಹೇಳಬೇಕು. ನಿಯಮ ನಿಮ್ಮದ."

ರಾಘಣ್ಣನ ತುಟಿ ಅಲುಗಿತು. ಏನೂ ಕೇಳಿಸಲಿಲ್ಲ.

"ಮೈಕಿನಾಗ ಹೇಳ್ರಿ."

ಗೋಡೆಗುಂಟ ನಿಂತ ಹುಡುಗರಲ್ಲಿ ಯಾರೋ, ರೂಲ್ಸ್ ಎಲ್ರಿಗೂ ಒಂದೇ ಅಲ್ವಾ ಸರ್ ಅಂದರು. ರಾಘಣ್ಣ ಹೆಂಡತಿಯತ್ತ ನೋಡಿದ. ಮೊದಲ ಸಾಲಿನಲ್ಲಿದ್ದ, ಬಳಗಕ್ಕೆಲ್ಲ ಅತ್ತಿಗೆಯಾದ ಸ್ನೇಹಲ್ ವೈನಿ ಸೆರಗಿನ ಅಂಚನ್ನು ಮಡಚುತ್ತಿದ್ದವರು ತಲೆಯೆತ್ತಲಿಲ್ಲ. ಅವನು ಮೈಕನ್ನು ಹತ್ತಿರ ಎಳೆದುಕೊಂಡ. ಹೇಳಿದ, ಗಂಗೂಬಾಯಿ ಹೇಳಿದ ಮಾತನ್ನು ಹೇಳಿದ ಹಾಗೆಯೇ, ತನ್ನ ಬಾಯಿಂದ. ಮೈಕು ಅದನ್ನು ಅವನಿಗಿಂತ ಗಟ್ಟಿಯಾಗಿ ಹೇಳಿತು. ಅವನು ಪಕ್ಕದ ಮೆಟ್ಟಿಲಿಳಿದು ಹೋದ ಮೇಲೆ ಬಹುಮಾನದ ಕಪ್ ಶಮಂತನ ಕೈಗೆ ಹೋಯಿತು, ಅವನಿಗೆ ಅದನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

ಮರುದಿನ ಗುಂಪಿಗೆ 'ನಿಮಗೆ ಗೊತ್ತೇನು?' ಬರಲಿಲ್ಲ. ಅದರ ಮರುದಿನವೂ ಇಲ್ಲ. ಮನಸ್ತಾಪ ಬೇಡ, ಮನೆಯ ಮಾತನ್ನು ಮೈಕಿಗೆ ತರಬಾರದಿತ್ತು ಅಂತ ಹಿರಿಯರು ಬರೆದರು.

ಆಷಾಢದ ದೊಡ್ಡ ಏಕಾದಶಿಯ ದಿನ ಬಾಗಿಲು ಬಡಿದ ಸದ್ದು. ಸ್ನೇಹಲ್ ವೈನಿ, ಕೈಯಲ್ಲಿ ಖಾಲಿ ಡಬ್ಬಿ. ಒಂದಿಷ್ಟು ಖಿಚಡಿ ಬೇಕಿತ್ತು ಅಂದರು. ಯಜಮಾನರು ಉಣ್ಣುತ್ತಾರಂತೆ. ಉಣ್ಣುವಾಗ ಫೋಟೊ ತೆಗೆದು ಗುಂಪಿಗೆ ಹಾಕಿದರೆ ಎಲ್ಲ ಸರಿಹೋಗುತ್ತದಂತೆ. ಅವರೆಲ್ಲಿ ಅಂತ ನೀತಾ ಕೇಳಿದರೆ, ಕೆಳಗೆ ಕಾರಿನಲ್ಲಿದ್ದಾರೆ ಅಂದರು, ನೆಲ ನೋಡುತ್ತ.

ನೀತಾ ಬಾಯಿ ತೆರೆಯುವಷ್ಟರಲ್ಲಿ ಗಂಗೂಬಾಯಿ ಅಡುಗೆಮನೆಯಿಂದ ಬಂದಳು.

"ಡಬ್ಬಿಗಿ ಹಾಕಂಗಿಲ್ಲರಿ ವೈನಿ. ನೀವ ಒಳಗ ಬರ್ರಿ, ಕೂತ ಉಣ್ರಿ. ಕೆಳಗ ಕೂತವರಿಗೆ ಒಂದ ಕಾಳೂ ಇಲ್ಲ."

ಸ್ನೇಹಲ್ ವೈನಿ ಹೊಸ್ತಿಲ ಆಚೆ ನಿಂತೇ ಇದ್ದರು. ಯಾರೂ ಎರಡನೇ ಸಲ ಕರೆಯಲಿಲ್ಲ. ಕೊನೆಗೆ ಡಬ್ಬಿಯನ್ನು ಚಪ್ಪಲಿಯ ಪಕ್ಕ ನೆಲಕ್ಕಿಟ್ಟು ಒಳಗೆ ಬಂದು, ಬಾಬಾಸಾಹೇಬರ ಫೋಟೊದ ಕೆಳಗಿನ ಕುರ್ಚಿಯಲ್ಲಿ ಕೂತರು. ಗಂಗೂಬಾಯಿ ತಟ್ಟೆ ಕೊಟ್ಟಳು, ಮೊಸರು ಹಾಕಿದಳು, ನೀರಿಟ್ಟಳು. ವೈನಿ ಮೊದಲು ನೀರು ಕುಡಿದರು. ಆಮೇಲೆ ಉಂಡರು.

ಕೆಳಗಿನಿಂದ ಹಾರ್ನ್ ಕೇಳಿತು. ಒಮ್ಮೆ ಚಿಕ್ಕದಾಗಿ. ಸ್ವಲ್ಪ ಹೊತ್ತು ಬಿಟ್ಟು ಉದ್ದಕ್ಕೆ. ವೈನಿಯ ಕೈ ತಟ್ಟೆಯ ಮೇಲೆ ನಿಂತಿತು.

"ಸಾವಕಾಶ ಉಣ್ರಿ," ಅಂದಳು ಗಂಗೂಬಾಯಿ, ಇನ್ನಷ್ಟು ನೀಡುತ್ತ.

ನೀತಾ ಎದ್ದು ಹೋಗಿ, ಆ ಹಾರ್ನ್ ಇನ್ನೂ ಚೆನ್ನಾಗಿ ಕೇಳಲಿ ಅಂತ ಕಿಟಕಿಯ ಎರಡೂ ಬಾಗಿಲು ತೆರೆದಳು.