ರೋಥೆನ್‌ಬರ್ಗಿನ ಓಣಿಯಲ್ಲಿ ರಿವರ್ಸು

ನನ್ನ ಗಂಡ ಗಿರಿಧರ್ ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಎಂಜಿನಿಯರ್. ಅವರ ಪ್ರಕಾರ ಈ ಭೂಮಿಯ ಮೇಲೆ ಕಾರು ಓಡಿಸಲು ಬರುವುದು ಅವರೊಬ್ಬರಿಗೇ. ಐವತ್ತೆರಡನೆಯ ವಯಸ್ಸಿಗೆ ನನಗೆ ಲೈಸೆನ್ಸ್ ಸಿಕ್ಕಾಗ ಊರಿಗೆಲ್ಲ ಪೇಢೆ ಹಂಚಿದರು ನಿಜ. ಆದರೆ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯಿಂದ ತರಕಾರಿ ಅಂಗಡಿಯ ಆಚೆಗೆ ಕಾರು ಕೊಟ್ಟವರಲ್ಲ. ಅಷ್ಟರಲ್ಲಿ ಲಾಸ್ ಏಂಜಲೀಸ್ ಹತ್ತಿರದ ವಾಲ್‌ನಟ್ ಎಂಬ ಊರಿನಿಂದ ಐಶ್ವರ್ಯಾ ಫೋನ್ ಮಾಡಿದಳು. ಅಲ್ಲಿ ಭಾನುವಾರದ ಕನ್ನಡ ಶಾಲೆ ನಡೆಸುವವಳು. ನಾನು ಟೀಚರಾಗಿ ಬರಬೇಕಂತೆ. ಹುಬ್ಬಳ್ಳಿಯಲ್ಲಿ ಬಿಟ್ಟು ಬಂದ ಕೆಲಸ ಮತ್ತೆ ಸಿಗುತ್ತದೆಂದು ನಾನು ಕುಣಿದಾಡಿದೆ. ಇವರು ಒಂದೇ ಮಾತಿಗೆ ತಣ್ಣೀರೆರಚಿದರು.

"ಎರಡು ತಾಸು ಫ್ರೀವೇ. ನಿನ್ನ ಕೈಲೆ ಆಗೂದಿಲ್ಲ. ಯುರೋಪಿಂದ ಬಂದ ಮ್ಯಾಲ ನೋಡೂಣು."

ಇವರ 'ನೋಡೂಣು' ಎಂದರೆ ಏನೆಂದು ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲವೆ? ಐಶ್ವರ್ಯಾಗೋ ಆ ವಾರವೇ ಉತ್ತರ ಬೇಕು. ಮುಖ ಊದಿಸಿಕೊಂಡೇ ಲಾಸ್ ಏಂಜಲೀಸಿನಲ್ಲಿ ವಿಮಾನ ಹತ್ತಿದೆ.

ಜರ್ಮನಿಯ ರೋಥೆನ್‌ಬರ್ಗ್ ನೋಡಿದ ಕೂಡಲೇ ಅರ್ಧ ಸಿಟ್ಟು ಇಳಿಯಿತು. ಊರ ಸುತ್ತ ಕೋಟೆಗೋಡೆ, ಗೋಪುರದ ಬಾಗಿಲು, ಕಲ್ಲು ಹಾಸಿದ ಓಣಿಗಳು, ಕಿಟಕಿ ತುಂಬ ಕೆಂಪು ಹೂ. ನೂರಾರು ವರ್ಷ ಹಿಂದಿನ ಊರು, ನಿನ್ನೆಯಷ್ಟೇ ಗುಡಿಸಿ ಸಾರಿಸಿದ ಹಾಗಿದೆ!

"ಕಾರು ಹೊರಗ ನಿಲ್ಲಸ್ರಿ, ನಡಕೋತ ಹೋಗೂಣು" ಎಂದೆ.

"ಹೋಟೆಲಿಗೆ ಬಂದವರನ್ನ ಒಳಗ ಬಿಡ್ತಾರ" ಎಂದು ಇವರು ಬಾಡಿಗೆ ಕಾರನ್ನು ನುಗ್ಗಿಸಿದರು. ಫೋನು ಎಡಕ್ಕೆ ಅಂದರೆ ಇವರು ಬಲಕ್ಕೆ. ಓಣಿ ಸಣ್ಣದಾಗುತ್ತಾ ಹೋಗಿ, ಕೊನೆಗೆ ಎರಡೂ ಕಡೆಯ ಗೋಡೆಗಳು ಕಾರಿನ ಕನ್ನಡಿಗಳಿಗೆ ತಾಗಿದವು.

ಮುಂದೆ ಮೆಟ್ಟಿಲು. ಹಿಂದೆ ಐಸ್‌ಕ್ರೀಮ್ ನೆಕ್ಕುತ್ತ ನಿಂತ ಪ್ರವಾಸಿಗರು. ಇವರು ರಿವರ್ಸ್ ಹಾಕಿದರು, ಕರ್ರ್ ಅಂತ ಸದ್ದಾಯಿತು. ಸ್ವಲ್ಪ ಮುಂದೆ ತೆಗೆದು ಮತ್ತೆ ಹಿಂದೆ, ಮತ್ತೆ ಕರ್ರ್. ಹಣೆಯ ಮೇಲೆ ಬೆವರು ಒಡೆಯಿತು.

"ಕಲಾ, ನನಗ ಕೈಕಾಲ ಆಡವಲ್ವು" ಎಂದರು.

"ನೀವು ಹಿಂದ ಹೋಗಿ ನಿಂತು ಹೇಳ್ರಿ. ನಾ ತೆಗೀತೀನಿ."

ಬೇರೆ ದಾರಿಯೆಲ್ಲಿತ್ತು? ಬಾಗಿಲು ತೆಗೆಯಲೂ ಜಾಗವಿಲ್ಲ. ಆರಡಿ ಮನುಷ್ಯ ಸೀಟುಗಳ ಮೇಲಿಂದ ತೆವಳಿ ಡಿಕ್ಕಿಯಿಂದ ಹೊರಬಿದ್ದರು. ನಾನು ಜರುಗಿ ಸ್ಟಿಯರಿಂಗ್ ಹಿಡಿದೆ. ಎದೆ ಡವಡವ ಎನ್ನುತ್ತಿತ್ತು, ಸುಳ್ಳೇಕೆ ಹೇಳಲಿ.

ಹಿಂದಿನಿಂದ ಇವರು ಡಿಕ್ಕಿಯನ್ನು ಅಂಗೈಯಿಂದ ಬಡಿಯುವ ಸದ್ದು. ಅದರ ಜೊತೆಗೆ ಥೇಟ್ ನಮ್ಮೂರ ಬಸ್ ಕಂಡಕ್ಟರನ ದನಿ: "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್! ಸ್ವಲ್ಪ ರೈಟಿಗೆ... ಹಾಂ, ಬರ್ಲಿ!"

ನನಗೆ ನಗು ಬಂದುಬಿಟ್ಟಿತು. ನಗು ಬಂದದ್ದೇ ಕೈ ಹಗುರಾಯಿತು. ಬೆರಳಷ್ಟು ಬೆರಳಷ್ಟೇ ಹಿಂದೆ ಸರಿದೆ. ಪ್ರವಾಸಿಗರೂ ತಾಳ ಹಾಕುತ್ತ "ಬರ್ಲಿ, ಬರ್ಲಿ" ಎಂದು ಶುರುಮಾಡಿದರು. ಮೇಲಿನ ಕಿಟಕಿಯಿಂದ ಅಜ್ಜಿಯೊಬ್ಬಳು ಕೈಬೀಸಿ ಬೀಸಿ ದಾರಿ ತೋರಿಸಿದಳು. ಚೌಕಕ್ಕೆ ಬಂದು ನಿಂತಾಗ ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು.

ಇವರು ಕಾರಿನ ಗೀರು ನೋಡಲಿಲ್ಲ. ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

"ನಿನಗ ಬರೂದಿಲ್ಲ ಅಂತಲ್ಲ ಕಲಾ. ಆ ಫ್ರೀವೇದಾಗ ನೀ ಒಬ್ಬಾಕಿ ಇದ್ದಾಗ ಏನರ ಆದ್ರ... ನನಗ ಅಂಜಿಕಿ ಬರ್ತದ."

"ಅಯ್ಯ, ಅದನ್ನ ಮೊದಲ ಹೇಳಬಾರದೇನ್ರೀ! ಇಷ್ಟು ದಿನ ಸಿಟ್ಟಿನಾಗ ಕುದಿಯಾಕತ್ತಿದ್ದೆ ನಾ!"

ಬೈಯುತ್ತಲೇ ಕಣ್ಣು ಒರೆಸಿಕೊಂಡೆ. ಚೌಕದ ಕಟ್ಟೆಯ ಮೇಲೆ ಕೂತು, ಊರ ಗಂಟೆ ಕೇಳುತ್ತಾ ಇಬ್ಬರೂ ಐಸ್‌ಕ್ರೀಮ್ ತಿಂದೆವು. ಇಲ್ಲಿ ಸಂಜೆ, ವಾಲ್‌ನಟ್‌ನಲ್ಲಿ ಆಗಷ್ಟೇ ಬೆಳಗು. ಇವರೇ ಫೋನ್ ತೆಗೆದು ಐಶ್ವರ್ಯಾಗೆ ಹಚ್ಚಿದರು.

"ನಾವು ಊರಿಗೆ ಬಂದ ಮ್ಯಾಲಿನ ಭಾನುವಾರದಿಂದ ಕಲಾ ಬರ್ತಾಳಮ್ಮ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಸೂಪರ್! ನೀವೇ ಡ್ರೈವ್ ಮಾಡ್ತೀರಾ ಅಂಕಲ್?" ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು. ಇವರು ನನ್ನ ಕಡೆ ನೋಡಿದರು.

"ಇಲ್ಲಮ್ಮ. ಅಕಿ ಒಬ್ಬಾಕೀನೇ ಬರ್ತಾಳ. ಬಂದು ಮುಟ್ಟಿದ ಕೂಡ್ಲೆ ನನಗೊಂದು ಫೋನ್ ಮಾಡು, ಅಷ್ಟ."