ಉಜ್ಜುಗೊರಡು ವಾಪಸ್ ಬಂದದ್ದು

ಕಣ್ಣು ಹಳದಿಯಾದಾಗ ಬಡಗಿ ಬೈದದ್ದು ಪಾಲಿಶ್ ಡಬ್ಬಿಯನ್ನು. ಕಿವಿಯ ಕೆಳಗೆ ಎರಡೂ ಕಡೆ ಕೆನ್ನೆ ಊದಿಕೊಂಡಾಗ ಮರದ ಪುಡಿಯನ್ನು ಬೈದ. ಊಟ ಸೇರದೆ ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾದ ಮೇಲೆ ಹೆಂಡತಿ ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಸ್ಕ್ಯಾನು ನೋಡಿದ ಡಾಕ್ಟರು, "ಮೇದೋಜೀರಕ ಗ್ರಂಥಿ ಊದಿದೆ. ಗಡ್ಡೆಯೂ ಇರಬಹುದು, ಪರೀಕ್ಷೆ ಆಗಲಿ," ಎಂದರು.

ಗಡ್ಡೆ ಎಂದದ್ದರ ಆಚೆಗಿನ ಮಾತು ಬಡಗಿಯ ಕಿವಿಗೆ ಬೀಳಲೇ ಇಲ್ಲ. ಮನೆಗೆ ಬಂದವನೇ, ಇಷ್ಟು ವರ್ಷ ಯಾರಿಗೂ ಮುಟ್ಟಗೊಡದಿದ್ದ ಹಲಗೆ ನಯಮಾಡುವ ಅಪ್ಪನ ಕಾಲದ ಉಜ್ಜುಗೊರಡನ್ನು ಅದೇ ಕಸುಬಿನ ಬಾಮೈದನ ಕೈಗಿಟ್ಟು, "ನನ್ನ ಕಥೆ ಮುಗೀತು ಕಣೋ," ಎಂದು ಅತ್ತ. ಬಾಮೈದನೂ ಅತ್ತ. ಅಳುತ್ತಲೇ ಅದನ್ನು ಚೀಲಕ್ಕೆ ಹಾಕಿಕೊಂಡ.

ಪರೀಕ್ಷೆಯಲ್ಲಿ ಗಡ್ಡೆ ಸಿಗಲಿಲ್ಲ.

"ಮೈ ಕಾಯೋ ಶಕ್ತಿಯೇ ದಾರಿತಪ್ಪಿ ನಿಮ್ಮ ಮೈಮೇಲೆ ಬಿದ್ದಿದೆ," ಎಂದರು ಡಾಕ್ಟರು. "ಊದಿದ ಗ್ರಂಥಿ ಪಿತ್ತದ ನಾಳವನ್ನ ಅಮುಕಿ ಕಣ್ಣು ಹಳದಿ ಆಯ್ತು. ಕೆನ್ನೆಯ ಜೊಲ್ಲು ಗ್ರಂಥಿಗೂ ಅದೇ ಕಾಟ. ಮುಂದೆ ಕಿಡ್ನಿಗೂ ಬರಬಹುದು, ನೋಡ್ತಿರಬೇಕು."

"ಸ್ಟೂಲಿನ ಒಂದು ಕಾಲು ಸಮ ಮಾಡೋಕೆ ಹೋಗಿ ನಾಲ್ಕೂ ಕೊಯ್ದ ಹಾಗೆ ಅನ್ನಿ!" ಎಂದ ಬಡಗಿ.

ಸ್ಟಿರಾಯ್ಡ್ ಮಾತ್ರೆ ಶುರುವಾಯಿತು. ಕಣ್ಣು ಬೆಳ್ಳಗಾಯಿತು, ಕೆನ್ನೆ ಇಳಿಯಿತು. ಹೊಟ್ಟೆಯಲ್ಲಿ ಮಾತ್ರ ಹಸಿವಿನ ಕುಲುಮೆ ಹೊತ್ತಿಕೊಂಡಿತು. ಬಡಗಿ ನೆಟ್ಟಗೆ ಬಾಮೈದನ ಮನೆಗೆ ನಡೆದು ಉಜ್ಜುಗೊರಡು ವಾಪಸ್ ಕೇಳಿದ.

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ ಭಾವ?"

"ಸಾಯ್ತೀನಿ ಅಂತ ಕೊಟ್ಟಿದ್ದು ಕಣೋ. ಸಾಯಲಿಲ್ಲವಲ್ಲ!"

"ಅದು ನನ್ನ ತಪ್ಪಾ? ಕಿಡ್ನಿಗೂ ಬರಬಹುದು ಅಂದಿದ್ದಾರಂತೆ. ಸುಮ್ನೆ ಆ ಕಡೆ ಈ ಕಡೆ ಓಡಾಡ್ಸೋದು ಯಾಕೆ, ಇಲ್ಲೇ ಇರ್ಲಿ ಬಿಡಿ."

"ಹಾಗಾದ್ರೆ ನಾನೂ ಇಲ್ಲೇ ಇರ್ತೀನಿ," ಎಂದು ಬಡಗಿ ಅಡುಗೆಮನೆಯ ಬಾಗಿಲಿಗೇ ಸ್ಟೂಲು ಎಳೆದುಕೊಂಡು ಕೂತ.

ಮಧ್ಯಾಹ್ನ ಮನೆಮಂದಿಗೆಲ್ಲ ಬೇಯಿಸಿದ್ದ ಅನ್ನವನ್ನು ಒಬ್ಬನೇ ಉಂಡ. ಮಾತ್ರೆಯ ಮಹಿಮೆ ಎಂದ. ಸಂಜೆಯ ಹೊತ್ತಿಗೆ ಬ್ರೆಡ್ಡು ಮುಗಿದು ಬಾಳೆಹಣ್ಣಿನ ಸಿಪ್ಪೆಯಷ್ಟೇ ಉಳಿಯಿತು.

"ರಾತ್ರಿಗೇನು ಮಾಡ್ತೀಯಮ್ಮ?" ಎಂದು ಬಾಮೈದನ ಹೆಂಡತಿಯನ್ನು ಅಕ್ಕರೆಯಿಂದ ಕೇಳಿದ.

ಆಕೆ ಅಕ್ಕಿಡಬ್ಬದ ತಳ ನೋಡಿದಳು. ಹಿತ್ತಿಲ ಕೊಟ್ಟಿಗೆಗೆ ಹೋಗಿ, ಹಲಗೆ ಉಜ್ಜುತ್ತಿದ್ದ ಗಂಡನ ಕೈಯಿಂದಲೇ ಉಜ್ಜುಗೊರಡನ್ನು ಕಿತ್ತು ತಂದಳು.

"ತಗೊಳ್ಳಿ ಅಣ್ಣ. ಕಿಡ್ನಿದು ಆಮೇಲೆ ನೋಡೋಣ. ನಿಮಗೆ ಬಡಿಸೋ ಭಾಗ್ಯ ಅತ್ತಿಗೆಗೂ ಇರ್ಲಿ."

ಬಡಗಿ ಅಲಗನ್ನು ಹೆಬ್ಬೆರಳಲ್ಲಿ ಸವರಿ ನೋಡಿದ. ಮೊಂಡಾಗಿತ್ತು. ಮುಖ ಕಿವುಚಿಕೊಂಡ.

"ಇನ್ನೊಂದು ವಾರ ಬಿಟ್ಟಿದ್ರೆ ಇದೇ ಸತ್ತುಹೋಗ್ತಿತ್ತು!"