ಸೀಳಿದ ಪಟ್ಟಿ

ನಡುರಾತ್ರಿ ಮುಂದಿನ ಕೋಣೆಯಿಂದ ‘ಟಕ್’ ಎಂಬ ಸಣ್ಣ ಸದ್ದು ಕೇಳಿ ಸೊಸೆಗೆ ಎಚ್ಚರವಾಯಿತು. ಕಳ್ಳನೇ ಇರಬೇಕೆಂದುಕೊಂಡಳು. ಮೆಲ್ಲಗೆ ಎದ್ದು ಬಾಗಿಲ ಸಂದಿಯಿಂದ ಇಣುಕಿದಳು. ಅಲ್ಲಿದ್ದವರು ಮಾವ.

ಗೋಡೆಯ ಬುಡಕ್ಕೆ ತೆಳು ಮರದ ಪಟ್ಟಿ ಹೊಡೆಯಲೆಂದು ಅಂಗಡಿಯಿಂದ ಮೊಳೆ ಹೊಡೆಯುವ ಎರಡು ನೇಲ್ ಗನ್ ತಂದಿದ್ದರು, ದಪ್ಪ ಮೊಳೆಯ ದೊಡ್ಡದೊಂದು, ತೆಳು ಮೊಳೆಯ ಸಣ್ಣದೊಂದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬೆಳಿಗ್ಗೆ ಹಿಂದಿರುಗಿಸಬೇಕಿತ್ತು. ನಲವತ್ತು ವರ್ಷ ಬಡಗಿಯಾಗಿದ್ದ ಮಾವ ದೊಡ್ಡದೇ ಬೇಕೆಂದು ಹಟ ಹಿಡಿದಿದ್ದರು. “ದಪ್ಪ ಮೊಳೆಗೆ ಪಟ್ಟಿ ಸೀಳಲ್ವಾ ಮಾವ?” ಎಂದು ಕೇಳಿದ್ದಕ್ಕೆ, “ಅಜ್ಜಿಗೇ ಕೆಮ್ಮು ಕಲಿಸೋಕೆ ಬಂದ್ಯೇನಮ್ಮ? ಆ ಸಣ್ಣದು ಮಕ್ಕಳಾಟಿಕೆ!” ಎಂದು ಅವಳ ಗಂಡನೆದುರೇ ನಕ್ಕಿದ್ದರು.

ಈಗ ಹಳೆಯ ಹಲಗೆಯ ಮೇಲೆ ಪಟ್ಟಿಯ ತುಂಡುಗಳನ್ನಿಟ್ಟು ಹೊಡೆದು ನೋಡುತ್ತಿದ್ದರು. ದೊಡ್ಡ ಗನ್ ಹೊಡೆದ ತುಂಡು ಉದ್ದಕ್ಕೂ ಸೀಳಿತ್ತು. ಸಣ್ಣದು ಹೊಡೆದಲ್ಲಿ ಮೊಳೆಯ ಗುರುತೇ ಕಾಣುತ್ತಿರಲಿಲ್ಲ. ಅವರು ಅದನ್ನು ಬೆರಳಿನಿಂದ ಸವರಿ ನೋಡಿ, ಸೀಳಿದ ತುಂಡನ್ನು ಮೂಲೆಯಲ್ಲಿದ್ದ ತಮ್ಮ ಉಪಕರಣಗಳ ಚೀಲದಡಿ ತುರುಕಿದರು.

ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು, “ಸಣ್ಣದೇ ಇರ್ಲಿ ಕಣೋ” ಎಂದರು ಮಗನಿಗೆ.

“ನಿನ್ನೆ ದೊಡ್ಡದು ಅಂತಿದ್ರಲ್ಲಪ್ಪ?”

“ನಿಮ್ಮಿಬ್ರಿಗೂ ಎಷ್ಟು ಗೊತ್ತು ಅಂತ ಪರೀಕ್ಷೆ ಮಾಡ್ದೆ!”

ಗಂಡ ಅವಳತ್ತ ತಿರುಗಿದ. “ರಾತ್ರಿ ಏನೋ ಟಕ್ ಅಂತಲ್ವಾ?”

ಮಾವನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು.

“ನಂಗೇನೂ ಕೇಳಿಸ್ಲಿಲ್ಲಪ್ಪ” ಎಂದಳು ಅವಳು.

ಆಮೇಲೆ ಗುಡಿಸಲು ಚೀಲ ಸರಿಸಿದಾಗ ಸೀಳಿದ ತುಂಡು ಸಿಕ್ಕಿತು. ಜಟ್ಟಿ ಬಿದ್ದಿದ್ದರೂ ಮೀಸೆ ಮಣ್ಣಾಗಿರಲಿಲ್ಲ; ಮಣ್ಣು ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ತುಂಡನ್ನು ಕಸದ ಬುಟ್ಟಿಯ ತಳಕ್ಕೆ ಹಾಕಿದಳು.